ಜ್ವರದ ಪ್ರಶ್ನೆ ಕೇಳಿದ ಡಾ. ಶಿವಕಾಂತಾ ಹುಲಸೂರೆ

ಬೊಜ್ಜು ಮತ್ತು ಮಧುಮೇಹ ಕೂಡಿಬಂದವರ ಯಕೃತ್ತಿನಲ್ಲಿ ಕೊಬ್ಬು ತುಂಬಿದಾಗ, ಅದು ಸುಮ್ಮನೆ ಕುಳಿತಿದೆಯೋ ಒಳಗೊಳಗೇ ಹಾನಿ ಮಾಡುತ್ತಿದೆಯೋ ಎಂಬುದನ್ನು ರಕ್ತದ ಉರಿಯೂತ ಸೂಚಕಗಳಿಂದ ಅರಿಯಲು ಬದುಕು ಸವೆಸಿದ ಪುಣೆಯ ಕೆಲವೇ ತಜ್ಞರಲ್ಲಿ ಡಾ. ಶಿವಕಾಂತಾ ಹುಲಸೂರೆಯವರು ಒಬ್ಬರು. ಶಿವಾಜಿನಗರದ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ದುಡಿದು ಈ ಜೂನ್‌ನಲ್ಲಿ ನಿವೃತ್ತರಾಗುತ್ತಿದ್ದಾರೆ. ಹೊಸದಾಗಿ ಸೇರಿದ್ದ ಸಹಾಯಕಿ ಸಾಯಲಿ ಒಂದು ದಿನದ ಮಾದರಿಗಳನ್ನೆಲ್ಲ ಕೆಡಿಸಿ ಅಳುತ್ತ ನಿಂತಾಗ, ಗದರದೆ ತಮ್ಮ ಡಬ್ಬಿಯ ರೊಟ್ಟಿ ಉಣ್ಣಿಸಿ, ಆಮೇಲೆ ಪಕ್ಕದಲ್ಲೇ ಕುಳಿತು ಕಲಿಸಿದವರು ಅವರು.

ಒಂಬತ್ತು ವರ್ಷಗಳ ಹಿಂದೆ ಅವರ ಬಹುದಿನದ ಅಧ್ಯಯನ ಮುಗಿದಿತ್ತು. ಫಲಿತಾಂಶ ನಿರೀಕ್ಷೆಗಿಂತ ಚೆನ್ನಾಗಿತ್ತು. ಪ್ರಬಂಧ ಅಚ್ಚಿಗೆ ಹೊರಟಿತ್ತು. ಪ್ರಾಧ್ಯಾಪಕಿ ಹುದ್ದೆ ಅದರ ಮೇಲೆಯೇ ನಿಂತಿತ್ತು. ಆದರೆ ಹಿಂಜವಾಡಿಯ ಕಾರ್ಮಿಕರ ವಸತಿಯಿಂದ ಒಂದೇ ದಿನ ತಂದ ನಲವತ್ತು ಮಾದರಿಗಳಲ್ಲಿ ಸೂಚಕಗಳು ವಿಪರೀತ ಏರಿದ್ದುದು ಅವರ ಮನಸ್ಸಿಗೆ ಒಗ್ಗಲಿಲ್ಲ. ಭಾನುವಾರ ಬಸ್ಸು ಹಿಡಿದು ಅಲ್ಲಿಗೇ ಹೋದರು. ರಕ್ತ ಕೊಟ್ಟವರಲ್ಲಿ ಒಬ್ಬರಾಗಿದ್ದ, ಅಲ್ಲಿನ ಅಡುಗೆಯಾಕೆ ಚಂದಮ್ಮ ಹೇಳಿದರು:

“ರಕ್ತಾ ತಗೊಂಡ ವಾರ ಇಲ್ಲಿ ಎಲ್ಲಾರಿಗೂ ಜ್ವರ ಇತ್ರಿ. ನನಗೂ ಭಾಳ ಕೆಮ್ಮಿತ್ತು.”

“ಅವತ್ತs ಯಾಕ ಹೇಳಲಿಲ್ಲವ್ವಾ?”

“ಯಾರೂ ಕೇಳಲಿಲ್ಲಲ್ರಿ.”

ಜ್ವರ ಬಂದರೂ ಆ ಸೂಚಕಗಳು ಏರುತ್ತವೆ. ರಕ್ತ ಕೊಡುವವರಿಗೆ ಕೇಳುವ ಪ್ರಶ್ನೆಗಳ ನಮೂನೆ ಉದ್ದವಾಯಿತೆಂದು ಜ್ವರದ ಪ್ರಶ್ನೆಯನ್ನು ಹೊಡೆದುಹಾಕಿದ್ದವರು ಶಿವಕಾಂತಾ ಅವರೇ.

ಮರುದಿನ ಅವರು ಪ್ರಬಂಧ ಹಿಂಪಡೆಯಲು ಹೊರಟಾಗ ವಿಭಾಗದ ಮುಖ್ಯಸ್ಥ ಬಿಂದುಮಾಧವ ಅವರು ಕಳಕಳಿಯಿಂದಲೇ ತಡೆದರು: “ಈಗ ವಾಪಸ್ ತಗೊಂಡ್ರ ಪ್ರಮೋಷನ್ ಹೋಗ್ತದ್ರಿ, ಮೇಡಂ. ನಲವತ್ತು ಮಂದಿ ಜ್ವರ ಯಾರು ಹುಡುಕ್ತಾರ?”

“ನಾನs ಹುಡುಕೀನಲ್ರಿ.”

ಪ್ರಬಂಧ ಹಿಂದಕ್ಕೆ ಬಂತು. ಹುದ್ದೆ ಬೇರೊಬ್ಬರಿಗೆ ಹೋಯಿತು. ಅವರನ್ನು ಅಭಿನಂದಿಸಿ ಬಂದು ಶಿವಕಾಂತಾ ಒಂದು ಗಳಿಗೆ ಬಾಗಿಲು ಹಾಕಿಕೊಂಡು ಕುಳಿತರಂತೆ. ವಸತಿಗೆ ಹೋಗಿಬಂದು ಆರು ವಾರ ಕಳೆದ ಮೇಲೆ, ಜ್ವರವಿಲ್ಲವೆಂದು ಒಬ್ಬೊಬ್ಬರನ್ನೂ ಕೇಳಿ ಖಚಿತಪಡಿಸಿಕೊಂಡು, ತಾವೇ ಮತ್ತೆ ರಕ್ತ ತೆಗೆದರು. ಬಹುತೇಕರ ಸೂಚಕಗಳು ಇಳಿದಿದ್ದವು. ಮೂವರದು ಇಳಿದಿರಲಿಲ್ಲ, ಚಂದಮ್ಮ ಅವರಲ್ಲೊಬ್ಬರು. ಕೆಮ್ಮು ಹೋಗಿ ತಿಂಗಳುಗಳೇ ಆಗಿದ್ದವು. ಸ್ಕ್ಯಾನ್ ಮಾಡಿಸಿದಾಗ ಯಕೃತ್ತು ಗಡುಸಾಗತೊಡಗಿದ್ದು ಕಂಡಿತು. ಎಲ್ಲರ ಸೂಚಕಗಳೂ ಏರಿದ್ದ ಮೊದಲಿನ ಲೆಕ್ಕದ ನಲವತ್ತರ ಗುಂಪಿನಲ್ಲಿ ಆಕೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಸಕಾಲದ ಚಿಕಿತ್ಸೆಯಿಂದ, ತೂಕ ಇಳಿಸಿ, ಸಕ್ಕರೆ ಹತೋಟಿಗೆ ತಂದುಕೊಂಡು ಚಂದಮ್ಮ ಇಂದಿಗೂ ಒಲೆಯ ಮುಂದೆ ಗಟ್ಟಿಯಾಗಿದ್ದಾರೆ.

ಎರಡು ವರ್ಷ ತಡವಾಗಿ ಪ್ರಕಟವಾದ ಪ್ರಬಂಧದ ಫಲಿತಾಂಶ ಮೊದಲಿನಷ್ಟು ಬೆರಗಿನದಾಗಿರಲಿಲ್ಲ, ಆದರೆ ನಿಜವಾಗಿತ್ತು. ತಮ್ಮ ತಪ್ಪನ್ನೂ ಅವರು ಅದರಲ್ಲಿ ಬಿಡಿಸಿ ಬರೆದಿದ್ದರು. ಪ್ರಾಧ್ಯಾಪಕಿ ಹುದ್ದೆ ಕೈತಪ್ಪಿದ ನಾಲ್ಕು ವರ್ಷಗಳ ನಂತರ ಬಂತು.

ನಿವೃತ್ತಿಯ ಬಳಿಕ ವಾರಕ್ಕೆರಡು ದಿನ ಕಾರ್ಮಿಕರ ವಸತಿಗಳಲ್ಲಿ ತಪಾಸಣೆ ನಡೆಸಲು ಅವರು ಒಪ್ಪಿದ್ದಾರೆ. ಮೊಣಕಾಲು ನೋವಿದ್ದರೂ ರಿಕ್ಷಾ ಬೇಡವೆನ್ನುತ್ತಾರೆ. ಆ ಕಾಲುಗಳಿಗೆ ಬಲವೂ ಅವರಿಗೆ ದೀರ್ಘಾಯುಷ್ಯವೂ ದೊರೆಯಲಿ. ಅವರ ಮುಂದೆ ತೋಳು ಚಾಚಿ ಕೂತವರು ಹೇಳಬೇಕೆಂದಿರುವುದನ್ನೆಲ್ಲ ಹೇಳಿಯೇ ಏಳಲಿ.