ಮೊಣಕಾಲಿಗೆ ಕೇಳಿಸಿದ ಗಿಟಾರ್

ಆ ಶನಿವಾರ ಸಂಜೆ ಲಿಫ್ಟಣ್ಣನಿಗೆ ಎಲ್ಲಾದರೂ ಕೂತರೆ ಸಾಕಾಗಿತ್ತು. ಬೆಳಗಿನಿಂದ ಎತ್ತರದ ಕಟ್ಟಡವೊಂದರ ಲಿಫ್ಟಿನ ಬಾವಿಯೊಳಗೆ ನಿಂತು, ಉಕ್ಕಿನ ಹಗ್ಗ ಎಲ್ಲಿ ಸವೆದಿದೆ ಎಂದು ಬೆರಳಾಡಿಸಿ ನೋಡುವ ಕೆಲಸ. ಹೊರಗೆ ಬಂದಾಗ ತೋಳುಗಳು ಬೇರೆ ಯಾರದೋ ಅನ್ನುವಷ್ಟು ಸೋತುಹೋಗಿದ್ದವು. ಆದರೆ ಮಾರನೆಯ ಮಧ್ಯಾಹ್ನ ಹೋಟೆಲಿನಲ್ಲಿ ಗಿಟಾರ್ ನುಡಿಸಬೇಕಿತ್ತು, ಅದರ ಸದ್ದನ್ನು ದೊಡ್ಡದು ಮಾಡುವ ಆಂಪ್ ಇರಲಿಲ್ಲ.

ಮದುವೆಯಾದಾಗಿನಿಂದ ಜೊತೆಗಿದ್ದ ಹಳೆಯ ಟ್ಯೂಬ್ ಆಂಪು ಹಿಂದಿನ ವಾರ ಹಾಡಿನ ನಡುವೆಯೇ ಸುಟ್ಟ ವಾಸನೆ ಬಿಟ್ಟು ಮಲಗಿಬಿಟ್ಟಿತ್ತು. ಒಳಗಿನ ಟ್ರಾನ್ಸ್‌ಫಾರ್ಮರ್ ಸುಟ್ಟಿದೆ, ಇದನ್ನು ರಿಪೇರಿ ಮಾಡುವುದೂ ಒಂದೇ ಹೊಸದು ಹುಡುಕುವುದೂ ಒಂದೇ ಎಂದು ರಿಪೇರಿಯವನು ಕೈ ತೊಳೆದುಕೊಂಡಿದ್ದ. ಅದಕ್ಕೇ ಗಂಡ ಹೆಂಡತಿ ಇಬ್ಬರೂ ಬಸ್ಸು ಹತ್ತಿ, ಹಳೆಯ ವಾದ್ಯಗಳನ್ನು ಮಾರುವ ಬಾಮೈದನ ಅಂಗಡಿಗೆ ಹೊರಟಿದ್ದರು.

ಹೆಂಡತಿ ಬಂದದ್ದು ಆಂಪಿಗಾಗಿ ಅಲ್ಲ. ಗಂಟಲಿನ ಡಾಕ್ಟರು ಅದೇ ರಸ್ತೆಯಲ್ಲಿದ್ದರು. ಹೋಟೆಲಿನಲ್ಲಿ ನುಡಿಸುವ ಅವರ ಪುಟ್ಟ ತಂಡದಲ್ಲಿ ಹಾಡುವವಳು ಅವಳೇ. ಭಾನುವಾರದ ಊಟದ ಹೊತ್ತಿಗೆ ಅವನ ಗಿಟಾರು, ಅವಳ ದನಿ, ಹಿಂದೆ ಡ್ರಮ್ಮಿನವನೊಬ್ಬ. ಒಂದು ವರ್ಷದಿಂದ ಅವಳ ದನಿ ಒಡೆಯತೊಡಗಿತ್ತು. ಡಾಕ್ಟರು ಕೊಳವೆ ಇಳಿಸಿ ನೋಡಿ, ಸನಿಕೆ ಹಿಡಿದವರ ಅಂಗೈಯ ಹಾಗೆ ಒಳಗೆ ಜಡ್ಡು ಕಟ್ಟಿದೆ ಅಂದರಂತೆ. ಮೆಲ್ಲಗೆ ಹಾಡಬಹುದು, ಕೂಗಬಾರದು. ಕೂಗಿದರೆ ಇರುವುದೂ ಹೋಗುತ್ತದೆ.

ಕ್ಲಿನಿಕ್ಕಿನಿಂದ ಅಂಗಡಿಗೆ ನಡೆಯುವಾಗ ಅವಳು ಸಪ್ಪೆ ದನಿಯಲ್ಲಿ ಹೇಳಿದಳು: "ನಾಳೆ ಒಂದಿನ ಹಾಡ್ತೀನಿ. ಆಮೇಲೆ ಸಾಕು ಅನ್ಸತ್ತೆ. ನೀವು ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ಅವನು ಸರಿ ಅಂದ. ಬೇಡ ಅನ್ನಲು ಕೂಡ ಮೈಯಲ್ಲಿ ಕಸುವಿರಲಿಲ್ಲ. ಆದರೆ ಅವಳಿಲ್ಲದೆ ಆ ವೇದಿಕೆ ಹತ್ತುವುದನ್ನು ಅವನು ಯಾವತ್ತೂ ಯೋಚಿಸಿರಲಿಲ್ಲ. ವಾರವಿಡೀ ಕತ್ತಲ ಬಾವಿಯಲ್ಲಿ ನೇತಾಡುವುದು ಆ ಎರಡು ಗಂಟೆಯ ಆಸೆಗೇ ಎಂದು ಅವಳಿಗೆ ಹೇಳಿರಲೂ ಇಲ್ಲ.

ಬಾಮೈದ ಬಾಗಿಲಲ್ಲೇ ನಿಂತಿದ್ದ. ಅಕ್ಕನ ಕೈಯಿಂದ ಔಷಧಿ ಚೀಟಿ ಕಿತ್ತುಕೊಂಡು ಓದಿ, ಒಂದಕ್ಷರವೂ ತಿಳಿಯದೆ ವಾಪಸು ಕೊಟ್ಟ. ಭಾವನನ್ನು ಮೇಲಿಂದ ಕೆಳಗೆ ನೋಡಿ, "ಏನು ಭಾವ, ಲಿಫ್ಟಲ್ಲಿ ಹೋಗೋ ಬದ್ಲು ಲಿಫ್ಟೇ ನಿಮ್ ಮೇಲೆ ಹೋಯ್ತಾ?" ಎಂದು ಕೇಳಿದ. ಲಿಫ್ಟಣ್ಣ ನಗಲಿಲ್ಲ, ಗಿಟಾರಿನ ಚೀಲ ಬಿಚ್ಚಿದ.

ಬಾಮೈದ ಜೇನಿನ ಬಣ್ಣದ ಒಂದು ಆಂಪನ್ನು ಬಟ್ಟೆಯಿಂದ ಒರೆಸಿ, ಭಾವನ ಕಾಲ ಬಳಿಯ ಗಿಡ್ಡ ಮೇಜಿನ ಮೇಲೆ ತಂದಿಟ್ಟ. ಹಿಂದಿನ ಜಾಲರಿಯೊಳಗೆ ಗಾಜಿನ ಟ್ಯೂಬುಗಳು ಒಲೆಯ ಕೆಂಡದ ಹಾಗೆ ನಿಧಾನಕ್ಕೆ ಕೆಂಪಾದವು. ಲಿಫ್ಟಣ್ಣ ವಾಲ್ಯೂಮು ಏರಿಸಿ ಒಂದು ತಂತಿ ಎಳೆದ. ಸ್ವರ ಅಂಚಿನಲ್ಲಿ ಚೂರೇ ಚೂರು ಬಿರಿದು, ತುಂಬಿದ ಗಂಟಲಿನಿಂದ ಬಂದ ಹಾಗೆ ಬಂತು. ಎರಡು ನಿಮಿಷ ನುಡಿಸುವಷ್ಟರಲ್ಲಿ ತೋಳಿನ ನೋವು ಮರೆತೇಹೋಯಿತು. ಬಾಮೈದ ಕಣ್ಣು ಮಿಟುಕಿಸಿ, ಭಾವನ ಮುಖ ಮದುವೆ ಫೋಟೋದಲ್ಲೂ ಹೀಗಿರಲಿಲ್ಲ ಅಂದ.

ಇದೇ ಇರಲಿ ಎನ್ನಲು ತಿರುಗಿದರೆ, ಹೆಂಡತಿ ಎದುರಿನ ಗಿಡ್ಡ ಸ್ಟೂಲಿನ ಮೇಲೆ ಕೂತು ಎರಡೂ ಕಿವಿ ಮುಚ್ಚಿಕೊಂಡಿದ್ದಳು.

"ಏನಾಯ್ತು?"

"ಏನಿಲ್ಲ. ಚೆನ್ನಾಗಿದೆ, ತಗೊಳ್ಳಿ."

"ಚೆನ್ನಾಗಿದ್ರೆ ಕಿವಿ ಯಾಕೆ ಮುಚ್ಕೊಂಡಿದೀಯ?"

ಅವಳು ಎದ್ದು ಸ್ಟೂಲನ್ನು ಅವನ ಕಡೆ ತಳ್ಳಿದಳು. "ಒಂದ್ಸಲ ನೀವು ಇಲ್ಲಿ ಕೂತ್ಕೊಂಡು ಕೇಳಿ."

ಬಾಮೈದ ಗಿಟಾರು ಇಸಿದುಕೊಂಡ. ಅವನಿಗೆ ಬರುತ್ತಿದ್ದುದು ತಂತಿ ಹಿಡಿಯುವ ಮೂರೇ ಮೂರು ಪಟ್ಟು. ಅದನ್ನೇ ತಿರುಗಿಸಿ ಮುರುಗಿಸಿ ನುಡಿಸಿದ. ಲಿಫ್ಟಣ್ಣ ಸ್ಟೂಲಿನ ಮೇಲೆ ಕೂತ. ಆಂಪಿನ ಬಾಯಿ ಈಗ ಸರಿಯಾಗಿ ಅವನ ಮುಖದ ಎತ್ತರಕ್ಕಿತ್ತು. ಮೊದಲ ಏಟಿಗೇ ತಗಡಿನ ಮೇಲೆ ಮೊಳೆ ಎಳೆದ ಸದ್ದು ಕಿವಿಗೆ ಹೊಕ್ಕಿತು. ತಾನು ಕೇಳಿದ್ದ ಆ ತುಂಬು ಗಂಟಲು ಇದರಲ್ಲಿ ಎಲ್ಲೂ ಇರಲಿಲ್ಲ. ಗುಂಡಿ ಯಾವುದನ್ನೂ ಮುಟ್ಟಿಲ್ಲ ತಾನೇ ಎಂದು ಬಾಮೈದನನ್ನು ಕೇಳಿದ. ಮುಟ್ಟಿರಲಿಲ್ಲ.

ಆಗ ಅವನಿಗೆ ಹೋಟೆಲಿನ ವೇದಿಕೆ ಕಣ್ಣಿಗೆ ಕಟ್ಟಿತು. ಸೊಂಟದೆತ್ತರದ ಕಟ್ಟೆ. ಅದರ ಮೇಲೆ ಡ್ರಮ್ಮಿಗೂ ಅವನಿಗೂ ಅಷ್ಟೇ ಜಾಗ. ಹೆಂಡತಿ ಕಟ್ಟೆಯ ಕೆಳಗೆ, ನೆಲದ ಮೇಲೆ ನಿಂತು ಹಾಡುತ್ತಾಳೆ. ಆಂಪು ಕಟ್ಟೆಯ ಅಂಚಿನಲ್ಲಿ ಅವನ ಕಾಲ ಬುಡದಲ್ಲಿರುತ್ತದೆ. ಅದರ ಬಾಯಿ ಹೆಂಡತಿಯ ಕತ್ತಿನ ಹಿಂದೆ; ಅದನ್ನು ಮೀರಿ ಕೇಳಿಸಬೇಕೆಂದರೆ ಅವಳು ಕೂಗಲೇಬೇಕು. ಅವನಿಗೆ ಅದು ಯಾವಾಗಲೂ ಸ್ವಲ್ಪ ಮಂದವಾಗಿಯೇ ಕೇಳಿಸುತ್ತಿತ್ತು. ಅದಕ್ಕೇ ಪ್ರತಿ ವಾರ ಸ್ವರ ಚೂಪಾಗಿಸುವ ಟ್ರೆಬಲ್ ಗುಂಡಿಯನ್ನು ಇನ್ನಷ್ಟು ತಿರುಗಿಸುತ್ತಿದ್ದ.

"ಇದು ಹೀಗಾ ಕೇಳ್ಸೋದು ನಿಂಗೆ?"

"ಹೀಗೇ. ಯಾವಾಗ್ಲೂ."

"ಹೇಳ್ಬಾರ್ದಿತ್ತಾ?"

"ಹೇಳಿದ್ನಲ್ಲ. ಸ್ವಲ್ಪ ಕಮ್ಮಿ ಮಾಡಿ ಅಂದಾಗೆಲ್ಲ ನೀವು ಡ್ರಮ್ಮಿನವನ್ನ ದುರುಗುಟ್ಟಿ ನೋಡ್ತಿದ್ರಿ."

ಬಾಮೈದ ಗೊಳ್ಳೆಂದು ನಕ್ಕ. "ಅಂದ್ರೆ ಭಾವ, ಇಷ್ಟು ವರ್ಷ ನೀವು ನುಡಿಸಿದ್ದು ನಿಮ್ ಮೊಣಕಾಲಿಗೆ."

ಲಿಫ್ಟಣ್ಣ ತನ್ನ ಎಡಗೈ ಬೆರಳ ತುದಿಗಳನ್ನು ಹೆಬ್ಬೆರಳಿನಿಂದ ಉಜ್ಜಿಕೊಂಡ. ತಂತಿ ಒತ್ತಿ ಒತ್ತಿ ಅಲ್ಲೂ ಜಡ್ಡು ಕಟ್ಟಿತ್ತು. ಅದು ಅವನದೇ ದುಡಿಮೆ. ಅವಳ ಗಂಟಲಿನದು ಯಾರ ದುಡಿಮೆ ಎಂದು ಅವನು ಕೇಳಬೇಕಾಗಿರಲಿಲ್ಲ.

ಹಾಗೆಂದು ಆಸೆ ಬಿಡಲಿಲ್ಲ. ಜೇನಿನ ಬಣ್ಣದ್ದನ್ನೇ ಸಣ್ಣಗೆ ಮಾಡಿ ನೋಡಿದ, ಜೀವವೇ ಇರಲಿಲ್ಲ. ಅದು ಬಿರಿಯುವುದು ಏರಿಸಿದಾಗ ಮಾತ್ರ. ಪಾನಾ, ಗ್ರೀಸು ಇದ್ದ ಕೆಲಸದ ಚೀಲಕ್ಕೆ ಕೈಹಾಕಿ ತನ್ನ ಓವರ್‌ಡ್ರೈವ್ ಪೆಡಲು ತೆಗೆದ. ಕಾಲಲ್ಲಿ ಒತ್ತುವ ಆ ಪುಟ್ಟ ಕಬ್ಬಿಣದ ಡಬ್ಬಿ ಗಿಟಾರಿನ ಸ್ವರವನ್ನು ಹಿಂದಿನಿಂದ ದಬ್ಬಿ ಒರಟು ಮಾಡುತ್ತದೆ. ಆಂಪನ್ನು ಮತ್ತೆ ಏರಿಸಿ ಪೆಡಲು ಒತ್ತಿದರೆ ಎಲ್ಲ ಕೆಸರಾಯಿತು. ಅಂಚಿನ ತನಕ ತುಂಬಿದ ಮೂಟೆಗೆ ಇನ್ನೊಂದು ಬೊಗಸೆ ಸುರಿದ ಹಾಗೆ, ಹಾಕಿದ್ದೆಲ್ಲ ಹೊರಗೇ ಚೆಲ್ಲುತ್ತಿತ್ತು.

"ಆ ಮೂಲೇಲಿರೋದು ಯಾವ್ದೋ?" ಎಂದು ಕೇಳಿದ.

ಅದು ಬೂದು ಬಣ್ಣದ ಪೆಟ್ಟಿಗೆ, ಟ್ಯೂಬಿಲ್ಲದ ಆಂಪು. ಅದನ್ನು ಮಾರಲು ತನಗೇ ನಾಚಿಕೆ ಎಂದು ಬಾಮೈದ ಒಪ್ಪಿಕೊಂಡ. ಬಂದವರು ಎರಡು ತಂತಿ ಮೀಟಿ ಮುಖ ಸಿಂಡರಿಸಿ ಹೋಗುತ್ತಿದ್ದರಂತೆ. ಲಿಫ್ಟಣ್ಣ ಮೀಟಿದ. ತೊಳೆದು ಬೋರಲು ಹಾಕಿದ ಪಾತ್ರೆಯ ಹಾಗೆ ಸ್ವರ ಶುಭ್ರವಾಗಿತ್ತು, ಒಳಗೆ ಏನೂ ಇರಲಿಲ್ಲ. ಏರಿಸಿದರೂ ಬಿರಿಯಲಿಲ್ಲ. ಆಮೇಲೆ ವಾಲ್ಯೂಮನ್ನು ಮಾತಿನ ಮಟ್ಟಕ್ಕೆ ಇಳಿಸಿ ಪೆಡಲು ಒತ್ತಿದ.

ಆ ಪಾತ್ರೆ ತುಂಬಿತು. ಜೇನಿನ ಬಣ್ಣದ್ದು ಗಟ್ಟಿಯಾಗಿ ಮಾಡಿದ್ದನ್ನು ಇದು ಮೆಲುದನಿಯಲ್ಲಿ ಮಾಡಿತು. ಅಷ್ಟೇ ಚೆನ್ನಾಗಿತ್ತು ಎನ್ನುವಂತಿರಲಿಲ್ಲ. ಟ್ಯೂಬು ತಾನೇ ಬಿಸಿಯೇರಿ ಬಿರಿಯುವ ಸುಖ ಇದರಲ್ಲಿ ಇರಲಿಲ್ಲ. ಆದರೆ ಪೆಡಲು ಕೊಟ್ಟದ್ದನ್ನೆಲ್ಲ ಹಿಡಿದಿಟ್ಟುಕೊಳ್ಳುವಷ್ಟು ಜಾಗ ಒಳಗಿತ್ತು.

"ಇದನ್ನ ಕುರ್ಚಿ ಮೇಲಿಡು. ನನ್ ಮುಖಕ್ಕೆ ತಿರುಗ್ಸು," ಅಂದ.

ಬಾಮೈದ ಏದುಸಿರು ಬಿಡುತ್ತ ಎತ್ತಿಟ್ಟ. ಸದ್ದು ಈಗ ನೇರ ಲಿಫ್ಟಣ್ಣನ ಕಿವಿಗೇ ಬಡಿಯಿತು. ಯಾರೂ ಹೇಳದೆಯೇ ಅವನು ಟ್ರೆಬಲ್ ಕಡಿಮೆ ಮಾಡಿದ. ಮತ್ತೂ ಕಡಿಮೆ ಮಾಡಿದ. ಹೆಂಡತಿ ಅವನಿಗೆ ಬೆನ್ನು ಹಾಕಿ ನಿಂತು, ನಾಳೆಯ ಮೊದಲ ಹಾಡಿನ ಸಾಲನ್ನು ಮೂಗಿನಲ್ಲೇ ಗುನುಗಿದಳು. ಅದು ಅವನಿಗೆ ಕೇಳಿಸಿತು. ಪೆಡಲಿನ ಗುಂಡಿಯನ್ನು ಇನ್ನೊಂದು ಕೂದಲೆಳೆ ಹಿಂದಕ್ಕೆ ತಿರುಗಿಸಿದ.

ಬೂದು ಪೆಟ್ಟಿಗೆಯನ್ನು ಹೊರುವಾಗ ಜೇನಿನ ಬಣ್ಣದ್ದರ ಕಡೆ ಒಮ್ಮೆ ತಿರುಗಿ ನೋಡಿದ. ಅದನ್ನು ಕಂಡ ಬಾಮೈದ, ಆಗಾಗ ಬಂದು ಮಾತಾಡಿಸಿಕೊಂಡು ಹೋಗಿ, ಅಕ್ಕನಿಗೆ ಹೇಳುವುದಿಲ್ಲ ಅಂದ. ಅಕ್ಕ ಪಕ್ಕದಲ್ಲೇ ನಿಂತಿದ್ದಳು.

ಮಾರನೆಯ ಮಧ್ಯಾಹ್ನ ಕುರ್ಚಿ ಕೇಳಿದ್ದಕ್ಕೆ ಹೋಟೆಲಿನ ಮ್ಯಾನೇಜರು, ಕುರ್ಚಿಗಳು ಊಟ ಮಾಡುವವರಿಗೆ ಎಂದು ಗೊಣಗಿ, ಕಾಲು ಅಲ್ಲಾಡುವ ಒಂದನ್ನು ಕೊಟ್ಟ. ಲಿಫ್ಟಣ್ಣ ಅದರ ಕಾಲಿಗೆ ರಟ್ಟು ಮಡಚಿ ಕೊಟ್ಟು, ಆಂಪನ್ನು ತನ್ನ ಮುಖಕ್ಕೆ ತಿರುಗಿಸಿಟ್ಟ. ಅವಳು ಕೂಗಲಿಲ್ಲ. ದನಿ ಹಳೆಯದರಂತಿರಲಿಲ್ಲ, ಮೇಲಿನ ಸ್ವರಗಳಲ್ಲಿ ಸೀಳುತ್ತಿತ್ತು, ಅಂಥ ಕಡೆ ಅವಳು ಮೆಲ್ಲಗೆ ಜಾರಿ ಕೆಳಗಿಳಿಯುತ್ತಿದ್ದಳು. ತಟ್ಟೆ ಚಮಚಗಳ ಸದ್ದಿನ ನಡುವೆಯೂ ಅವನಿಗೆ ಒಂದೊಂದು ಮಾತೂ ಕೇಳಿಸಿತು. ಹಾಡಿನ ಎರಡನೆಯ ಚರಣದ ಪದಗಳನ್ನು ತಾನು ಇಷ್ಟು ವರ್ಷ ತಪ್ಪಾಗಿ ತಿಳಿದಿದ್ದೆ ಎಂದು ಅವನಿಗೆ ಗೊತ್ತಾದದ್ದು ಅಂದೇ.

ಮನೆಗೆ ಮರಳುವಾಗ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಆಂಪು ಕಾಲುಗಳ ನಡುವೆ. ನಾಳೆ ಮತ್ತೆ ಬಾವಿಗೆ ಇಳಿಯಬೇಕು. ಅವನ ಕಣ್ಣು ಎಳೆಯುತ್ತಿತ್ತು. ಡಾಕ್ಟರು ಮಾತು ಕಡಿಮೆ ಮಾಡಲು ಹೇಳಿದ್ದರಿಂದ ಅವಳು ಕಿಟಕಿಯಾಚೆ ನೋಡುತ್ತ ಕೂತಿದ್ದಳು.

ಇಳಿಯುವ ಜಾಗ ಹತ್ತಿರ ಬಂದಾಗ ಅವಳು ಅವನ ತೋಳು ತಟ್ಟಿದಳು.

"ರೀ, ಮುಂದಿನ ವಾರ ಅಲ್ಲಾಡ್ದೇ ಇರೋ ಕುರ್ಚಿ ಕೊಡಕ್ಕೆ ಹೇಳಿ."