ತಾಯಮ್ಮತ್ತೆ ತೋರಿಸಿದ ಗೂಡು

1999ರ ಜೂನ್ ಕೊನೆಯಲ್ಲಿ, ನಂಜನಗೂಡು ತಾಲ್ಲೂಕಿನ ಹೆಡತಲೆ ಹತ್ತಿರದ ನಮ್ಮೂರಿನಲ್ಲಿ, ನಮ್ಮ ಮನೆಯ ಹಿತ್ತಲ ಗುಂಡಿಗೆ ಮಣ್ಣು ತುಂಬಿಸಿ ಮುಚ್ಚಲಾಯಿತು. ಟ್ರಾಕ್ಟರು ಬೆಳಿಗ್ಗೆ ಬಂದದ್ದು ಸಂಜೆಯವರೆಗೂ ಓಡಾಡಿತು. ಈಗಲೂ ಯಾವುದಾದರೂ ಕೆರೆಯಂಚಿನಲ್ಲಿ ಕೆಸರು ಬಿಸಿಲಿಗೆ ಒಣಗುತ್ತ, ಪಾಚಿಯೂ ಮೀನೂ ಬೆರೆತ ಆ ಹಸಿ ವಾಸನೆ ಮೂಗಿಗೆ ಬಡಿದರೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ದಡದಲ್ಲಿ ಕುಕ್ಕರಗಾಲಲ್ಲಿ ಕೂತಿರುತ್ತಿದ್ದ ತಾಯಮ್ಮತ್ತೆ ಕಣ್ಣೆದುರು ಬರುತ್ತಾಳೆ. ಅವಳು ನಮ್ಮಪ್ಪನ ಅಕ್ಕ. ತಿ. ನರಸೀಪುರಕ್ಕೆ ಕೊಟ್ಟಿದ್ದರು. ಗಂಡ ಬೇಗ ತೀರಿಕೊಂಡ ಮೇಲೆ ಒಂದು ಟ್ರಂಕು ಹಿಡಿದು ತೌರಿಗೆ ಬಂದವಳು ಮತ್ತೆ ಹೋಗಲಿಲ್ಲ. ನನಗೆ ಬುದ್ಧಿ ಬಂದಾಗಿನಿಂದ ಒಲೆ ಮುಂದಿನ ಜಾಗ ಅವಳದು, ಹಿತ್ತಲ ಗುಂಡಿಯೂ ಅವಳದು.

ಗುಂಡಿಯನ್ನು ಯಾರೂ ಮೀನಿಗಾಗಿ ತೋಡಿದ್ದಲ್ಲ. ತಾತ ಮನೆ ಕಟ್ಟುವಾಗ ಇಟ್ಟಿಗೆಗೆಂದು ಅಲ್ಲಿಂದ ಮಣ್ಣು ತೆಗೆಸಿದ್ದ. ಮಳೆ ನೀರು ನಿಂತಿತು, ಸುತ್ತ ಜೊಂಡು ಬೆಳೆಯಿತು, ನಾಲೆ ಉಕ್ಕಿದ ವರ್ಷ ಗದ್ದೆಗಳ ಮೇಲೆ ಹಾಯ್ದ ನೀರಿನ ಜೊತೆ ಮೀನೂ ಬಂದು ಸೇರಿಕೊಂಡಿತು. ಎಮ್ಮೆ ಮೈ ತೊಳೆಯುವುದು, ಬಟ್ಟೆ ಒಗೆಯುವುದು, ಸಾರಿಗೆ ಮೀನು ಹಿಡಿಯುವುದು ಎಲ್ಲ ಅಲ್ಲೇ. ತಾತ ಒಂದು ಕಟ್ಟು ಮಾಡಿದ್ದನಂತೆ: ಕೊರವ ಮೀನು ಗೂಡು ಕಟ್ಟಿದರೆ, ಮರಿ ದೊಡ್ಡದಾಗಿ ಚದುರುವವರೆಗೆ ಗುಂಡಿಗೆ ಯಾರೂ ಇಳಿಯಬಾರದು, ಬಲೆ ಬೀಸಬಾರದು, ಎಮ್ಮೆ ಬಿಡಬಾರದು. ಅತ್ತೆ ಅದನ್ನು ಒಂದೇ ಮಾತಿನಲ್ಲಿ ಹೇಳುತ್ತಿದ್ದಳು. "ಬಾಣಂತಿ ಅವ್ಳೆ, ಆಕಡೆ ಓಗ್ಬೇಡಿ." ಅಷ್ಟು ಹೇಳಿದರೆ ಮನೆಯವರೆಲ್ಲ ಬಟ್ಟೆ ಬುಟ್ಟಿ ಹೊತ್ತು ನಾಲೆಗೆ ನಡೆಯುತ್ತಿದ್ದರು.

ಗೂಡು ಗುರುತಿಸುವುದನ್ನು ಅವಳು ನನಗೆ ಕಲಿಸಿದ್ದು ಬೇಸಿಗೆ ರಜೆಗಳಲ್ಲಿ. ದಡದ ತೆಳು ನೀರಿನಲ್ಲಿ, ಕೆಸರಿನಲ್ಲಿ, ತಟ್ಟೆಯಂಥ ತಗ್ಗುಗಳು ಕಾಣುತ್ತಿದ್ದವು. ಅವು ಜಿಲೇಬಿ ಮೀನಿನವು. ಎಮ್ಮೆಯ ಹೆಜ್ಜೆ ಎಂದುಕೊಂಡು ನಾನು ದಾಟಿಹೋಗುತ್ತಿದ್ದೆ. ಎಮ್ಮೆ ಹೆಜ್ಜೆಯ ನಡುವೆ ಸೀಳು ಇರುತ್ತದೆ, ಎಲೆ ಬಿದ್ದರೆ ಅದರಲ್ಲೇ ಕೊಳೆಯುತ್ತದೆ. ಮೀನಿನ ತಗ್ಗು ದುಂಡಗೆ, ಈಗಷ್ಟೇ ಗುಡಿಸಿದ ಅಂಗಳದ ಹಾಗೆ ಇರುತ್ತದೆ. ಜಿಲೇಬಿಗೆ ಅತ್ತೆಯ ಹತ್ತಿರ ಮರ್ಯಾದೆ ಇರಲಿಲ್ಲ. ವರ್ಷವೆಲ್ಲ ಹೆರುತ್ತದೆ, ಮೊಟ್ಟೆಯನ್ನು ಬಾಯೊಳಗೆ ತುಂಬಿಕೊಂಡು ಗಂಟುಮೂಟೆ ಕಟ್ಟಿದವಳ ಹಾಗೆ ಓಡಿಹೋಗುತ್ತದೆ ಎನ್ನುತ್ತಿದ್ದಳು. ಕೊರವನದು ಬೇರೆ. ಅದು ಮುಂಗಾರಿನ ಹೊಸ ನೀರಿಗೆ ಜೊಂಡಿನ ನಡುವೆ ಜೋಡಿಯಾಗಿ ಸೇರಿ, ದಂಟುಗಳನ್ನು ಕಚ್ಚಿ ಕಚ್ಚಿ ಸರಿಸಿ, ನಡುವೆ ಕೊಡದ ಬಾಯಿಯಷ್ಟು ತಿಳಿ ನೀರು ಬಿಡಿಸುತ್ತದೆ. ಅದರಲ್ಲಿ ಮೊಟ್ಟೆ ನವಣೆ ಚೆಲ್ಲಿದ ಹಾಗೆ ಹಳದಿಯಾಗಿ ತೇಲುತ್ತದೆ. ಕೆಳಗೆ ಎರಡು ನೆರಳು ಅಲುಗಾಡದೆ ನಿಂತಿರುತ್ತವೆ. ಕಡ್ಡಿ ಇಳಿಸಿದರೆ ಒಂದು ನೆರಳು ಮೇಲೆದ್ದು ಅದನ್ನು ಕಚ್ಚುತ್ತದೆ. ಸಂಶಯ ಬಂದರೆ ದಂಟಿನ ತುದಿ ನೋಡಬೇಕು. ಕೊರವ ಕಚ್ಚಿದ ತುದಿ ನಾರುನಾರಾಗಿರುತ್ತದೆ. ಇದನ್ನೆಲ್ಲ ಅವಳು ಹಿಂದೆಯೇ ತನ್ನ ಚಿಕ್ಕ ತಮ್ಮ, ನನ್ನ ಚಿಕ್ಕಪ್ಪ ಮಾದೇವನಿಗೂ ಕಲಿಸಿದ್ದಳು.

ಚಿಕ್ಕಪ್ಪ ಕರೆಂಟ್ ಆಫೀಸಿನಲ್ಲಿ ಲೈನ್‌ಮ್ಯಾನ್. ಮದುವೆಯಾದ ಮೇಲೂ ನಮ್ಮ ಜೊತೆಗೇ ಇದ್ದ. ಚಿಕ್ಕಮ್ಮ ಬಸುರಿಯಾದಾಗ ಬೇರೆ ಮನೆಯ ಮಾತು ಬಂತು. ಜಗಳವೇನೂ ಆಗಲಿಲ್ಲ. ಅಮ್ಮನೂ ಚಿಕ್ಕಮ್ಮನೂ ಮಾತಾಡುವುದು ಕಡಿಮೆ ಮಾಡಿದ್ದರು, ಅಷ್ಟೆ. ಮನೆ ಕಟ್ಟಲು ಇದ್ದ ಜಾಗ ಹಿತ್ತಲು, ಹಿತ್ತಲೆಂದರೆ ಗುಂಡಿ. ಮುಚ್ಚುವುದೆಂದು ಅಪ್ಪನೂ ಚಿಕ್ಕಪ್ಪನೂ ಊಟಕ್ಕೆ ಕೂತಾಗ ಮಾತಾಡಿಕೊಂಡರು. ಅತ್ತೆ ಮುದ್ದೆ ಕಟ್ಟುತ್ತಿದ್ದ ಕೈ ನಿಲ್ಲಿಸಿದಳು.

"ಗುಂಡಿ ಮುಚ್ಚುದ್ ದಿನ್ವೇ ಒಲೆ ಎಲ್ಡಾಯ್ತದೆ ಕಣ್ಲಾ ಮಾದೇವ. ನಾನ್ ಯಾವ್ ಒಲೆ ಮುಂದೆ ಕೂತ್ಕಳ್ಳಿ?"

"ಎಲ್ಡರ ಮುಂದ್ಕೂ ಕೂತ್ಕಳಕ್ಕ, ಎಲ್ಡು ಮುದ್ದೆ ಸಿಕ್ತದೆ," ಎಂದ ಚಿಕ್ಕಪ್ಪ. ಅಪ್ಪ ನಕ್ಕ. ಅತ್ತೆ ನಗಲಿಲ್ಲ.

ಮೇ ತಿಂಗಳ ಮಳೆ ಬಿದ್ದು, ಟ್ರಾಕ್ಟರಿಗೆ ಹೇಳಿ ಬಂದ ಮಾರನೆಯ ಬೆಳಿಗ್ಗೆ, ಕೊರವ ಗೂಡು ಕಟ್ಟಿದೆ ಎಂದು ಅತ್ತೆ ಮನೆಯವರಿಗೆಲ್ಲ ಕೇಳುವಂತೆ ಹೇಳಿದಳು. ಅಮ್ಮ ಏನೋ ಗೊಣಗಿದಳು. ನೀನೇ ನೋಡಿ ಬಾ ಎಂದು ಅಪ್ಪ ಚಿಕ್ಕಪ್ಪನನ್ನು ಕಳಿಸಿದ. ನಾನೂ ಹಿಂದೆ ಹೋದೆ. ಜೊಂಡಿನ ನಡುವೆ ದುಂಡಗೆ, ಕೊಡದ ಬಾಯಿಯಷ್ಟು ತಿಳಿ ನೀರಿತ್ತು. ಮೊಟ್ಟೆ ಕಾಣಲಿಲ್ಲ. ನೆರಳೂ ಕಾಣಲಿಲ್ಲ. ಚಿಕ್ಕಪ್ಪ ದಡದಲ್ಲಿ ಕೂತು ಹೊಂಗೆಯ ಕಡ್ಡಿ ಮುರಿದು ನೀರಿಗೆ ಇಳಿಸಿದ. ಯಾವ ಮೀನೂ ಬರಲಿಲ್ಲ. ಮತ್ತೆ ಇಳಿಸಿ ಮೆಲ್ಲಗೆ ಕಲಕಿದ. ಆಮೇಲೆ ಒಂದು ದಂಟನ್ನು ಎಳೆದು ಅದರ ತುದಿ ನೋಡಿದ. ನಾನೂ ನೋಡಿದೆ. ತುದಿ ಓರೆಯಾಗಿತ್ತು, ನುಣುಪಾಗಿತ್ತು. ಕುಡುಗೋಲಿನಿಂದ ಕೊಯ್ದ ತುದಿ ಅದು. ನಮ್ಮ ಮನೆಯಲ್ಲಿ ಜೊಂಡು ಕೊಯ್ಯುತ್ತಿದ್ದವಳು ಅತ್ತೆ ಒಬ್ಬಳೇ. ನಮ್ಮಿಬ್ಬರಿಗೂ ತುದಿ ನೋಡುವುದನ್ನು ಕಲಿಸಿದವಳು ಅದನ್ನೇ ಮರೆತಿದ್ದಳು. ಅವಳು ಹಿತ್ತಲ ಬಾಗಿಲಲ್ಲಿ ನಿಂತು ನಮ್ಮನ್ನೇ ನೋಡುತ್ತಿದ್ದಳು. ಚಿಕ್ಕಪ್ಪ ದಂಟನ್ನು ನೀರಿಗೆ ಬಿಟ್ಟು, ಕೈಯನ್ನು ಪಂಚೆಗೆ ಒರೆಸಿಕೊಂಡು ಎದ್ದ.

"ಗೂಡೇ ಕಣಣ್ಣ," ಎಂದು ಒಳಗಿದ್ದ ಅಪ್ಪನಿಗೆ ಕೂಗಿ ಹೇಳಿದ. "ಮರಿ ಚದುರ್ಲಿ. ಟ್ರಾಕ್ಟರ್‌ನೋನ್ಗೆ ನಾನ್ ಯೋಳ್ತೀನಿ."

ಆಮೇಲಿನ ದಿನಗಳನ್ನು ನಾನು ಈಗಲೂ ಒಂದೊಂದಾಗಿ ತೆಗೆದು ನೋಡುತ್ತಿರುತ್ತೇನೆ. ಯಾರೂ ಗುಂಡಿಗೆ ಇಳಿಯಲಿಲ್ಲ. ಅಮ್ಮನೂ ಚಿಕ್ಕಮ್ಮನೂ ಬುಟ್ಟಿ ಹೊತ್ತು ಒಟ್ಟಿಗೆ ನಾಲೆಗೆ ಹೋಗಬೇಕಾಯಿತು. ಬರುವಾಗ ಮಾತಾಡಿಕೊಂಡು ಬರುತ್ತಿದ್ದರು. ಸಂಜೆ ಒಲೆಯ ಸುತ್ತ ಎಲ್ಲರೂ ಇರುತ್ತಿದ್ದೆವು. ಹುರುಳಿ ಸಾರಿನ ಘಮ, ಹಸಿ ಸೌದೆಯ ಹೊಗೆ, ಮೇಲೆ ಹೆಂಚಿಗೆ ಬೀಳುವ ಮಳೆ. ಚಿಕ್ಕಪ್ಪ ಡ್ಯೂಟಿಯಿಂದ ಬಂದು ಬೆಲ್ಟ್ ಬಿಚ್ಚಿ ಮೊಳೆಗೆ ಹಾಕುತ್ತಲೇ ಕೇಳುತ್ತಿದ್ದ:

"ಎಂಗವ್ಳಕ್ಕ ನಿನ್ ಬಾಣಂತಿ?"

"ಚೆನ್ನಾಗವ್ಳೆ. ನಿನ್ನಂಗೆ ಒತ್ತೂ ಗೊತ್ತಿಲ್ದೆ ತಿರುಗಾಡಲ್ಲ. ಉಣ್ತಾಳೆ, ಮನಿಕತಾಳೆ."

"ಬಿಸ್ನೀರ್ ಕಾಯ್ಸಿ ಉಯ್ದ್ಯಾ?"

"ಉಯ್ದೆ. ನಿನ್ ಎಂಡ್ತಿಗೂ ನಾನೇ ಉಯ್ಯೋದು, ಸುಮ್ಕಿರು."

ಅವನಿಗೆ ಗೊತ್ತಿದೆ ಎಂದು ಅವಳಿಗೆ ಗೊತ್ತಿತ್ತೇ? ನಾನು ಕೇಳಲಿಲ್ಲ. ಅವರಿಬ್ಬರೂ ನನ್ನೆದುರು ಆ ಮಾತು ಎತ್ತಲಿಲ್ಲ. ಕೊಯ್ದ ಜೊಂಡು ಬೇಗ ಚಿಗುರುತ್ತದೆ. ದುಂಡನೆಯ ನೀರು ದಿನದಿನಕ್ಕೆ ಕಿರಿದಾಗಿ ಒಂದು ದಿನ ಪೂರ್ತಿ ಮುಚ್ಚಿಹೋಯಿತು. ಅತ್ತೆ ಮತ್ತೆ ಕುಡುಗೋಲು ಹಿಡಿಯಲಿಲ್ಲ. ಅವತ್ತು ಬೆಳಿಗ್ಗೆ ಚಿಕ್ಕಪ್ಪ ಬೈಕ್ ಹೊರಡಿಸುವಾಗ ಅವಳೇ ಜಗಲಿಗೆ ಬಂದಳು.

"ಮರಿ ಚದುರ್ದೊ ಕಣಪ್ಪ. ಮಣ್ ತರುಸ್ಕೊ."

ಚಿಕ್ಕಪ್ಪ ಗಾಡಿ ಆಫ್ ಮಾಡಿ, ಹಿತ್ತಲಿಗೆ ಹೋಗಿ ಜೊಂಡನ್ನು ಒಮ್ಮೆ ನೋಡಿ ಬಂದ. ಆಮೇಲೆ ಹೊರಟ.

ದಸರೆಗೆ ಗೋಡೆ ಎದ್ದಿತು. ಮುಂದಿನ ಬೇಸಿಗೆಗೆ ಚಿಕ್ಕಮ್ಮ ಹೊಸ ಮನೆಯಲ್ಲಿ ಹಾಲು ಉಕ್ಕಿಸಿದಳು. ಅಲ್ಲಿ ಸೌದೆ ಒಲೆ ಇರಲಿಲ್ಲ, ಗ್ಯಾಸ್ ಇತ್ತು, ಅದರ ಮುಂದೆ ನಿಂತೇ ಅಡುಗೆ ಮಾಡಬೇಕಿತ್ತು. ಅತ್ತೆ ಬೆಳಗಿನ ಊಟ ಅಲ್ಲಿ, ರಾತ್ರಿಯದು ನಮ್ಮಲ್ಲಿ ಮಾಡುತ್ತಿದ್ದಳು. ಚಿಕ್ಕಮ್ಮನ ಬಾಣಂತನ ಮಾಡಿದವಳು ಮುಂದೆ ಅವಳಿಗೆ ಹುಟ್ಟಿದ ಮಗಳದನ್ನೂ ಮಾಡುತ್ತಾಳೆಂದು ಮನೆಯವರು ನಗೆಯಾಡುತ್ತಿದ್ದರು, ಆ ಮಗುವಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ.

ತಾಯಮ್ಮತ್ತೆ 2006ರ ಮಳೆಗಾಲದಲ್ಲಿ ತೀರಿಕೊಂಡಳು. ಅವತ್ತು ಎರಡೂ ಮನೆಯಲ್ಲಿ ಅಡುಗೆ ಮಾಡಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಎದುರು ಮನೆಯವರು ಒಂದು ದೊಡ್ಡ ಪಾತ್ರೆಯಲ್ಲಿ ಅನ್ನ, ಒಂದರಲ್ಲಿ ಸಾರು ತಂದು ನಮ್ಮ ಜಗಲಿಯ ಮೇಲಿಟ್ಟರು. ಅಮ್ಮ ಬಡಿಸಿದಳು. ಚಿಕ್ಕಪ್ಪ, ಚಿಕ್ಕಮ್ಮ, ಅವರ ಮಗಳು, ಅಪ್ಪ, ನಾನು ಸಾಲಾಗಿ ಕೂತು ಉಂಡೆವು.