ಕೈ ಎಲ್ಲುಂಟು?

ಆಗ ಫ್ಲೆಕ್ಸ್ ಇನ್ನೂ ಬಂದಿರಲಿಲ್ಲ. ಉಡುಪಿಯಲ್ಲಿ ಬೋರ್ಡು ಬರೆಯುತ್ತಿದ್ದ ನನಗೆ ಸತ್ತವರ ಫೋಟೋ ನೋಡಿ ಚಿತ್ರ ಬರೆಯುವ ಕೆಲಸವೂ ಸಿಗುತ್ತಿತ್ತು. ಬದುಕಿದ್ದವರೊಬ್ಬರು ಎದುರಿಗೆ ಕೂತದ್ದು ಒಂದೇ ಸಲ, ಕಾಪುವಿನಲ್ಲಿ.

ಅವರು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿ, ಮನೆಯನ್ನೂ ಕಟ್ಟಿಸಿದ ವಿಧವೆ. ಗೋಡೆಯ ಮೇಲಿದ್ದ ಗಂಡನ ಚಿತ್ರಕ್ಕೆ ಜೋಡಿಯಾಗಲಿ ಎಂದು ಹಿರಿಯ ಮಗ ನನ್ನನ್ನು ಕರೆಸಿದ್ದ. ನಾನು ರೂಢಿಯಂತೆ ಎದೆಯವರೆಗೆ ಗೆರೆ ಹಾಕಿಕೊಂಡೆ.

"ಕೈ ಎಲ್ಲುಂಟು?" ಎಂದು ಅವರು ಕೇಳಿದರು.

"ಹೆಂಗಸರ ಚಿತ್ರಕ್ಕೆ ಮುಖ ಸಾಕು, ಅಮ್ಮಾ."

"ಮುಖ ಎಂತ ಮಾಡಿದೆ ಮಾರಾಯ? ದುಡಿದದ್ದು ಕೈ ಅಲ್ವಾ?"

ನಾನು ಉದ್ದದ ಕ್ಯಾನ್ವಾಸ್ ತಂದು, ಮಡಿಲಲ್ಲಿ ಬೀಡಿ ಎಲೆಯ ಮೊರ ಬರೆದು, ಅದರ ಮೇಲೆ ಗಂಟುಗಟ್ಟಿದ ಆ ಬೆರಳುಗಳನ್ನು ಬರೆದೆ. ಮುಖ ಎರಡು ದಿನದಲ್ಲಿ ಮುಗಿಯಿತು, ಬೆರಳುಗಳಿಗೆ ಐದು ದಿನ ಹಿಡಿಯಿತು. ಅವರು ತುಂಬ ಹೊತ್ತು ನೋಡಿ, "ಹೌದು, ಇದು ನಾನು" ಎಂದರು.

ಅವರು ತೀರಿಕೊಂಡ ಮೇಲೆ ಒಮ್ಮೆ ಆ ಮನೆಗೆ ಹೋದೆ. ಗಂಡನ ಚಿತ್ರದ ಪಕ್ಕದಲ್ಲಿ, ಅಷ್ಟೇ ಅಳತೆಯ ಚೌಕಟ್ಟಿನೊಳಗೆ ಅವರ ಮುಖ ಮಾತ್ರ ಇತ್ತು. ನಾನು ಅದನ್ನೇ ನೋಡುತ್ತಿದ್ದುದು ಕಂಡು ಮಗ ಮೆಲ್ಲಗೆ ಹೇಳಿದ: "ಅಪ್ಪನದಕ್ಕಿಂತ ಅಮ್ಮನದು ದೊಡ್ಡದಾದರೆ ಬಂದವರು ಎಂತ ಹೇಳಿಯಾರು? ಕತ್ತರಿಸಲಿಲ್ಲ ಮಾರಾಯ್ರೆ, ಕೆಳಗಿನ ಭಾಗವನ್ನು ಹಿಂದಕ್ಕೆ ಮಡಚಿಸಿದ್ದೇನೆ."

ಮಡಚಿದರೆ ಬಣ್ಣ ಬಿರುಕು ಬಿಡುತ್ತದೆ ಎಂದು ನಾನು ಹೇಳಲು ಹೋಗಲಿಲ್ಲ. ಕೈಗಳು ಈಗಲೂ ಅಲ್ಲೇ ಉಂಟು, ಗೋಡೆಗೆ ಮುಖ ಮಾಡಿಕೊಂಡು. ಆ ಗೋಡೆಯನ್ನು ಎಬ್ಬಿಸಿದ್ದೂ ಅವೇ.